ಹೆಣ್ಣುನಾಯಿಯ ಗರ್ಭಕೋಶದಲ್ಲಿ ಕೀವು

ಕಲಬುರಗಿಯ ಬೇಸಿಗೆಯಲ್ಲಿ ಉಷ್ಣತೆ 42 ಡಿಗ್ರಿ ಸೆಲ್ಸಿಯಸ್ ದಾಟುವುದು ಅಪರೂಪವಲ್ಲ. ಆಗ ಮನೆಯ ನಾಯಿ ಪದೇ ಪದೇ ನೀರು ಕುಡಿದರೆ ಬಿಸಿಲೇ ಕಾರಣವೆಂದು ಸುಮ್ಮನಾಗುತ್ತೇವೆ. ಆದರೆ ಸಂತಾನಹರಣ ಶಸ್ತ್ರಚಿಕಿತ್ಸೆಯಾಗದ, ಏಳೆಂಟು ವರ್ಷ ದಾಟಿದ ಹೆಣ್ಣುನಾಯಿ, ಬೆದೆ ಮುಗಿದ ಒಂದೆರಡು ತಿಂಗಳಲ್ಲಿ ಹೀಗೆ ಮಾಡಿದರೆ ಕಾರಣ ಬೇರೆ ಇರಬಹುದು. ಅದು ಪಯೋಮೆಟ್ರಾ, ಅಂದರೆ ಗರ್ಭಕೋಶದಲ್ಲಿ ಕೀವು ತುಂಬುವ ರೋಗ. ಚಿಕಿತ್ಸೆ ತಡವಾದರೆ ಇದು ಪ್ರಾಣಾಂತಿಕ.

ರೋಗ ಹುಟ್ಟುವ ಬಗೆ

ಬೆದೆಯ ವೇಳೆ ನಾಯಿಯಲ್ಲಿ ಕಾಣುವ ರಕ್ತಸ್ರಾವವನ್ನು ಹಲವರು ಸ್ತ್ರೀಯರ ಋತುಸ್ರಾವಕ್ಕೆ ಹೋಲಿಸುತ್ತಾರೆ. ಇದು ಸರಿಯಲ್ಲ. ನಾಯಿಯಲ್ಲಿ ಸ್ರಾವ ಆರಂಭವಾಗುವುದು ಅಂಡಾಣು ಬಿಡುಗಡೆಗೆ ಮೊದಲು. ನಾಯಿಗಳಿಗೆ ಋತುಬಂಧವೂ ಇಲ್ಲ. ಮುಪ್ಪಿನಲ್ಲೂ ಬೆದೆ ಬರುತ್ತಿರುತ್ತದೆ. ಪ್ರತಿ ಬೆದೆಯ ನಂತರ, ಗರ್ಭ ನಿಲ್ಲಲಿ ಬಿಡಲಿ, ಸುಮಾರು ಎರಡು ತಿಂಗಳು ಪ್ರೊಜೆಸ್ಟೆರಾನ್ ಹಾರ್ಮೋನು ಹೆಚ್ಚಾಗಿರುತ್ತದೆ. ಅದು ಗರ್ಭಕೋಶದ ಒಳಪದರವನ್ನು ದಪ್ಪವಾಗಿಸುತ್ತದೆ. ಸ್ನಾಯುಗಳ ಸಂಕೋಚನವನ್ನೂ ಅಲ್ಲಿನ ರೋಗನಿರೋಧಕ ಶಕ್ತಿಯನ್ನೂ ತಗ್ಗಿಸುತ್ತದೆ. ವರ್ಷಗಟ್ಟಲೆ ಇದು ಮರುಕಳಿಸಿದಾಗ ಒಳಪದರದಲ್ಲಿ ದ್ರವದ ಗುಳ್ಳೆಗಳಾಗುತ್ತವೆ. ಹೊರಗಿನಿಂದ ಒಳಸೇರಿದ ಬ್ಯಾಕ್ಟೀರಿಯಗಳು, ಹೆಚ್ಚಾಗಿ ಇ. ಕೋಲೈ, ಅಲ್ಲಿ ಬೆಳೆಯುತ್ತವೆ. ಅವುಗಳ ವಿಷವಸ್ತು ಮೂತ್ರಪಿಂಡವು ನೀರನ್ನು ಉಳಿಸಿಕೊಳ್ಳದಂತೆ ಮಾಡುತ್ತದೆ. ಆದ್ದರಿಂದ ಮೂತ್ರ ಹೆಚ್ಚುತ್ತದೆ, ಅದರೊಂದಿಗೆ ಬಾಯಾರಿಕೆಯೂ ಹೆಚ್ಚುತ್ತದೆ.

ಸ್ವೀಡನ್ನಿನ ನಾಯಿ ವಿಮೆ ದಾಖಲೆಗಳ ಪ್ರಕಾರ, ಹತ್ತು ವರ್ಷ ತುಂಬುವುದರೊಳಗೆ ಸುಮಾರು ನಾಲ್ಕು ಹೆಣ್ಣುನಾಯಿಗಳಲ್ಲಿ ಒಂದಕ್ಕೆ ಈ ರೋಗ ಬರುತ್ತದೆ. ಗರ್ಭಕೋಶದ ಕೊರಳು ತೆರೆದಿದ್ದರೆ ಕೀವು ಹೊರಗೆ ಕಾಣುತ್ತದೆ. ಮುಚ್ಚಿದ್ದರೆ ಏನೂ ಕಾಣದು. ಹೊಟ್ಟೆ ಊದುತ್ತದೆ, ಗರ್ಭಕೋಶ ಒಡೆಯಲೂಬಹುದು. ಇದೇ ಹೆಚ್ಚು ಅಪಾಯಕಾರಿ.

ಶಬ್ದದಿಂದ ಪತ್ತೆ

ಇಲ್ಲಿ ಭೌತವಿಜ್ಞಾನ ನೆರವಿಗೆ ಬರುತ್ತದೆ. ಕೀವು ತುಂಬಿದ ಗರ್ಭಕೋಶ ಮತ್ತು ಸುತ್ತಲಿನ ಮೃದು ಅಂಗಾಂಶಗಳು ಎಕ್ಸ್-ಕಿರಣವನ್ನು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹೀರುತ್ತವೆ. ಬೇರ್ಪಡಿಸಿ ನೋಡುವುದು ಕಷ್ಟ. ಶ್ರವಣಾತೀತ ಶಬ್ದ ಹಾಗಲ್ಲ. ಅಂಗಾಂಶದಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 1540 ಮೀಟರ್. ಆವೃತ್ತಿ 7.5 ಮೆಗಾಹರ್ಟ್ಸ್ ಇದ್ದರೆ ತರಂಗದೂರ ಸುಮಾರು 0.2 ಮಿಲಿಮೀಟರ್. ಆದ್ದರಿಂದ ಸಣ್ಣ ವಿವರಗಳೂ ಕಾಣುತ್ತವೆ. ಗರ್ಭಕೋಶದ ಮುಂದಿನ ಗೋಡೆಯ ಪ್ರತಿಧ್ವನಿ 52 ಮೈಕ್ರೊಸೆಕೆಂಡಿಗೂ ಹಿಂದಿನ ಗೋಡೆಯದು 91 ಮೈಕ್ರೊಸೆಕೆಂಡಿಗೂ ಮರಳಿತು ಎನ್ನೋಣ. ಅಂತರ 39 ಮೈಕ್ರೊಸೆಕೆಂಡ್. ಶಬ್ದ ಹೋಗಿ ಬರುವುದರಿಂದ ಅರ್ಧ ತೆಗೆದುಕೊಂಡರೆ ಕೋಶದ ಅಗಲ ಸುಮಾರು 3 ಸೆಂಟಿಮೀಟರ್. ಸಹಜ ಸ್ಥಿತಿಯಲ್ಲಿ ಇದು ಸಾಮಾನ್ಯವಾಗಿ 1 ಸೆಂಟಿಮೀಟರಿಗಿಂತ ಕಡಿಮೆ! ಒಳಗಿನ ದ್ರವದಿಂದ ಪ್ರತಿಧ್ವನಿ ಕಡಿಮೆಯಾದ್ದರಿಂದ ಪರದೆಯಲ್ಲಿ ಕಪ್ಪು ಕೊಳವೆಗಳು ಮೂಡುತ್ತವೆ. ಆ ದ್ರವ ಕೀವೇ ಎಂಬುದನ್ನು ಚಿತ್ರವೊಂದೇ ಹೇಳದು. ರಕ್ತಪರೀಕ್ಷೆ ಮತ್ತು ರೋಗಲಕ್ಷಣಗಳನ್ನು ಕೂಡಿಸಿ ವೈದ್ಯರು ನಿರ್ಧರಿಸುತ್ತಾರೆ.

ಮಾಡಬೇಕಾದದ್ದು

ಅಂಡಾಶಯ, ಗರ್ಭಕೋಶಗಳನ್ನು ತೆಗೆಯುವುದೇ ಖಚಿತ ಚಿಕಿತ್ಸೆ. ಆರೋಗ್ಯವಾಗಿರುವಾಗಲೇ ಈ ಶಸ್ತ್ರಚಿಕಿತ್ಸೆ ಮಾಡಿಸಿದರೆ ಅಪಾಯ ಬಹಳ ಕಡಿಮೆ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಸಾಕುನಾಯಿಯ ಸಂತಾನಹರಣವನ್ನು ಮಾಲೀಕರ ಹೊಣೆಯಾಗಿಸಿವೆ. ಬೆದೆ ತಡೆಯಲು ಪ್ರೊಜೆಸ್ಟೆರಾನ್ ಬಗೆಯ ಚುಚ್ಚುಮದ್ದು ಹಾಕಿಸಿದರೆ ಈ ರೋಗದ ಸಂಭವ ಹೆಚ್ಚುತ್ತದೆ. ಮನುಷ್ಯರ ನೋವಿನ ಮಾತ್ರೆಗಳನ್ನೂ ಕೊಡಬಾರದು.

ಹುಮನಾಬಾದ್ ರಸ್ತೆಯ ಕಮಲಾಪುರದಲ್ಲಿ ನಾಯಿ ಸಾಕಿದವರು, ಅದು ಊಟ ಬಿಟ್ಟು ನೀರನ್ನಷ್ಟೇ ಕುಡಿಯತೊಡಗಿದರೆ, ಅಂದೇ ಪಶುವೈದ್ಯರಿಗೆ ತೋರಿಸಬೇಕು. ಅವರು ಸೂಚಿಸಿದರೆ ಕಲಬುರಗಿಗೆ ಹೊರಡಲು ಮರುದಿನದವರೆಗೆ ಕಾಯಬಾರದು. ಕಳೆದ ಬೆದೆಯ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತಿಟ್ಟಿದ್ದರೆ ವೈದ್ಯರ ಅರ್ಧ ಕೆಲಸ ಮುಗಿದಂತೆ.