ಕ್ಷಯ ರೋಗಾಣುವಿಗೆ ದೇಹವೇ ಹಾಕುವ ಬೇಲಿ

ಮನೆಯಲ್ಲಿ ಒಬ್ಬರಿಗೆ ಶ್ವಾಸಕೋಶದ ಕ್ಷಯ ತಗುಲಿದರೆ ಉಳಿದವರಿಗೂ ಬಂದೇ ಬರುತ್ತದೆಂಬ ಭಯ ಹಳ್ಳಿಗಳಲ್ಲಿ ಇಂದಿಗೂ ಇದೆ. ಆದರೆ ರೋಗಾಣು ದೇಹವನ್ನು ಸೇರುವುದು ಬೇರೆ, ರೋಗ ಬರುವುದು ಬೇರೆ. ರೋಗಾಣು ಹೊಕ್ಕ ನೂರು ಮಂದಿಯಲ್ಲಿ ಜೀವಮಾನದಲ್ಲಿ ಕ್ಷಯಕ್ಕೆ ತುತ್ತಾಗುವವರು ಸುಮಾರು 5ರಿಂದ 10 ಮಂದಿ ಮಾತ್ರ. ಉಳಿದವರನ್ನು ಕಾಯುವುದರಲ್ಲಿ ಬಿಳಿ ರಕ್ತಕಣಗಳ ಒಂದು ಬಗೆಯಾದ ಟಿ-ಕಣಗಳ ಪಾತ್ರ ಬಹು ದೊಡ್ಡದು.

ಟಿ-ಕಣಗಳ ಕೆಲಸ

1882ರಲ್ಲಿ ಜರ್ಮನಿಯ ರಾಬರ್ಟ್ ಕಾಕ್ ಅವರು ಗುರುತಿಸಿದ ಈ ರೋಗಾಣು, ರೋಗಿಯು ಕೆಮ್ಮಿದಾಗ ಗಾಳಿಗೆ ಸೇರಿ, ಉಸಿರಿನೊಡನೆ ಇತರರ ಶ್ವಾಸಕೋಶಕ್ಕೆ ಇಳಿಯುತ್ತದೆ. ಅಲ್ಲಿರುವ ಭಕ್ಷಕ ಕಣಗಳು ಅದನ್ನು ನುಂಗುತ್ತವೆ. ಆದರೆ ಮೇಣದಂತಹ ಹೊದಿಕೆಯುಳ್ಳ ರೋಗಾಣು ಸುಲಭವಾಗಿ ಸಾಯದೆ, ನುಂಗಿದ ಕಣದೊಳಗೇ ಸುಮಾರು 20 ಗಂಟೆಗೊಮ್ಮೆ ಇಮ್ಮಡಿಯಾಗುತ್ತದೆ.

ಇದನ್ನು ಗುರುತಿಸಬಲ್ಲ ಟಿ-ಕಣಗಳು ದುಗ್ಧರಸ ಗ್ರಂಥಿಗಳಲ್ಲಿ ವೃದ್ಧಿಯಾಗಿ ಶ್ವಾಸಕೋಶಕ್ಕೆ ಬರಲು ಕೆಲವು ವಾರಗಳು ಬೇಕು. ಅವು ಇಂಟರ್‌ಫೆರಾನ್-ಗಾಮಾ ಎಂಬ ವಸ್ತುವನ್ನು ಸ್ರವಿಸಿ ಭಕ್ಷಕ ಕಣಗಳನ್ನು ಚುರುಕುಗೊಳಿಸುತ್ತವೆ. ಆಗ ಹಲವು ರೋಗಾಣುಗಳು ಸಾಯುತ್ತವೆ. ಉಳಿದವುಗಳ ಸುತ್ತ ಕಣಗಳು ಒತ್ತಾಗಿ ಸೇರಿ ಗಂಟು ಕಟ್ಟುತ್ತವೆ. ಇದೇ ದೇಹದ ಬೇಲಿ. ಇದರೊಳಗೆ ರೋಗಾಣುಗಳು ವರ್ಷಗಟ್ಟಲೆ ಸುಪ್ತವಾಗಿ ಬದುಕಿರಬಲ್ಲವು ಎಂಬುದನ್ನು ಮರೆಯಬಾರದು.

ಚರ್ಮ ಪರೀಕ್ಷೆಯ ಅರ್ಥ

ಮುಂಗೈ ಚರ್ಮಕ್ಕೆ ಟ್ಯುಬರ್ಕ್ಯುಲಿನ್ ಚುಚ್ಚಿ, 48ರಿಂದ 72 ಗಂಟೆಗಳ ನಂತರ ಊತವನ್ನು ಅಳೆಯುತ್ತಾರೆ. ಆ ಗಟ್ಟಿ ಊತವನ್ನು ಉಂಟುಮಾಡುವುದು ಟಿ-ಕಣಗಳೇ. ಅವು ರೋಗಾಣುವನ್ನೋ ಬಿಸಿಜಿ ಲಸಿಕೆಯನ್ನೋ ಹಿಂದೆ ಕಂಡಿವೆ ಎಂಬುದಷ್ಟೇ ಇದರ ಅರ್ಥ, ರೋಗವಿದೆ ಎಂದಲ್ಲ. ರೋಗದ ನಿರ್ಧಾರಕ್ಕೆ ಕಫ ಪರೀಕ್ಷೆ, ಎಕ್ಸ್-ರೇ ಬೇಕು. ದನಗಳ ಕ್ಷಯವನ್ನು ಪತ್ತೆಮಾಡಲೂ ಇದೇ ತತ್ವದ ಪರೀಕ್ಷೆ ಬಳಕೆಯಲ್ಲಿದೆ.

ಬೇಲಿ ಸಡಿಲವಾಗುವುದು ಯಾವಾಗ?

ಎಚ್‌ಐವಿ ಸೋಂಕು ಟಿ-ಕಣಗಳನ್ನೇ ನಾಶಮಾಡುತ್ತದೆ. ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ ಮತ್ತು ಅರೆಹೊಟ್ಟೆಯ ಊಟ ದೇಹದ ರಕ್ಷಣೆಯನ್ನು ಕುಂದಿಸುತ್ತವೆ. ಊಟದ ಮಹತ್ವಕ್ಕೆ ಜಾರ್ಖಂಡ್‌ನಲ್ಲಿ 2019ರಿಂದ 2022ರವರೆಗೆ ನಡೆದ ಅಧ್ಯಯನವೇ ಸಾಕ್ಷಿ. ಅಲ್ಲಿ ರೋಗಿಗಳ ಮನೆಯವರಿಗೆ ಪ್ರತಿ ತಿಂಗಳು ಅಕ್ಕಿ, ಬೇಳೆ ಮತ್ತು ಸೂಕ್ಷ್ಮ ಪೋಷಕಾಂಶ ಕೊಟ್ಟಾಗ, ಅವರಲ್ಲಿ ಹೊಸದಾಗಿ ಕ್ಷಯ ಬರುವ ಪ್ರಮಾಣ ಶೇಕಡಾ 39ರಷ್ಟು ತಗ್ಗಿತು.

ರೈತ ಬಾಂಧವರು ಗಮನಿಸಬೇಕಾದ ಅಂಶಗಳು

1. ಎರಡು ವಾರ ಮೀರಿದ ಕೆಮ್ಮಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ ಕಫ ಪರೀಕ್ಷೆ ಮಾಡಿಸಿ.
2. ಕೆಮ್ಮು ನಿಂತಿತೆಂದು ಔಷಧಿ ಬಿಡಬೇಡಿ. ವೈದ್ಯರು ಹೇಳಿದ ಅವಧಿಯನ್ನು ಪೂರೈಸಿ.
3. ರೋಗಿಯ ಮನೆಯವರೆಲ್ಲರೂ ತಪಾಸಣೆ ಮಾಡಿಸಿಕೊಳ್ಳಿ. ವೈದ್ಯರು ಸೂಚಿಸಿದರೆ ರೋಗ ಬಾರದಂತೆ ತಡೆಯುವ ಔಷಧಿ ಸೇವಿಸಿ.
4. ದನಗಳ ಕ್ಷಯ ಹಸಿ ಹಾಲಿನಿಂದ ಮನುಷ್ಯರಿಗೂ ಬರಬಹುದು. ಹಾಲನ್ನು ಕಾಯಿಸಿಯೇ ಕುಡಿಯಿರಿ.
5. ಬೆಳೆದ ತೊಗರಿ, ಹೆಸರು, ಅಲಸಂದೆಯನ್ನೆಲ್ಲ ಮಾರಿಬಿಡದೆ, ಮನೆಯ ಊಟಕ್ಕೆ ಬೇಕಾದಷ್ಟನ್ನು ಮೊದಲು ತೆಗೆದಿರಿಸಿ.