ಏಟು ಕಾಣದ ಹಿಂಸೆ

2010ರ ಆಗಸ್ಟ್ ತಿಂಗಳಲ್ಲಿ ಇಂಗ್ಲೆಂಡಿನ ಸರ್ರೆ ಪ್ರಾಂತದಲ್ಲಿ ಸ್ಯಾಲಿ ಚಾಲೆನ್ ಎಂಬಾಕೆ ತನ್ನ ಪತಿ ರಿಚರ್ಡನನ್ನು ಸುತ್ತಿಗೆಯಿಂದ ಹೊಡೆದು ಕೊಂದಳು. ಕೊಂದುದನ್ನು ಆಕೆ ಅಲ್ಲಗಳೆಯಲಿಲ್ಲ. ಅಸೂಯೆಯೇ ಕಾರಣವೆಂದು ಸರ್ಕಾರಿ ವಕೀಲರು ವಾದಿಸಿದರು. ಮರುವರ್ಷ ಜೀವಾವಧಿ ಶಿಕ್ಷೆಯಾಯಿತು.

ಆತನನ್ನು ಮೊದಲು ಕಂಡಾಗ ಆಕೆಗೆ 15 ವರ್ಷ, ಆತನಿಗೆ 22. ಮುಂದಿನ ನಾಲ್ಕು ದಶಕಗಳಲ್ಲಿ ಆಕೆಯ ಹಣ, ಸ್ನೇಹಿತರ ಒಡನಾಟ ಎಲ್ಲವೂ ಆತನ ಅಂಕೆಯಲ್ಲಿದ್ದವು. ಪರಸ್ತ್ರೀಯರ ಸಹವಾಸದ ಬಗ್ಗೆ ಕೇಳಿದರೆ, ಹುಚ್ಚು ಹಿಡಿದಿರುವುದು ಕೇಳಿದವಳಿಗೇ! ಇದನ್ನು ಮೊದಲ ವಿಚಾರಣೆಯಲ್ಲಿ ತೂಗಿ ನೋಡಲು ಕಾನೂನಿನಲ್ಲಿ ಇದಕ್ಕೊಂದು ಹೆಸರೇ ಇರಲಿಲ್ಲ.

ಪೋಲೀಸರ ಪ್ರಶ್ನೆ ಎಲ್ಲೆಡೆಯೂ ಒಂದೇ: ಯಾವ ದಿನ ಹೊಡೆದ? ಗಾಯವೆಲ್ಲಿ? ಒಂದೊಂದು ದೂರನ್ನೂ ಬಿಡಿಬಿಡಿಯಾಗಿ ಬರೆದುಕೊಂಡರೆ ಎಲ್ಲವೂ ಗಂಡಹೆಂಡಿರ ಕ್ಷುಲ್ಲಕ ಜಗಳವಾಗಿಯೇ ತೋರುತ್ತದೆ. ಅವನ್ನು ಒಂದೇ ದಾರದಲ್ಲಿ ಪೋಣಿಸಿದಾಗ ಮಾತ್ರ ಹಿಂಸೆಯ ರೂಪ ಕಾಣುತ್ತದೆ.

2015ರ ಡಿಸೆಂಬರಿನಲ್ಲಿ ಜಾರಿಗೆ ಬಂದ ಕಾನೂನು ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ದಬ್ಬಾಳಿಕೆಯ ಹತೋಟಿಯನ್ನೇ ಅಪರಾಧವೆಂದು ಸಾರಿತು. ಗರಿಷ್ಠ ಶಿಕ್ಷೆ 5 ವರ್ಷದ ಸೆರೆ. ವರ್ತನೆ ಮತ್ತೆ ಮತ್ತೆ ಅಥವಾ ಎಡೆಬಿಡದೆ ನಡೆದಿರಬೇಕು. ಏಟು ಬಿದ್ದೀತೆಂಬ ಭಯ ಎರಡು ಬಾರಿಯಾದರೂ ಹುಟ್ಟಿರಬೇಕು, ಇಲ್ಲವೇ ತೀವ್ರ ಕಳವಳದಿಂದ ನಿತ್ಯದ ಬದುಕು ಬಹುಮಟ್ಟಿಗೆ ಕೆಟ್ಟಿರಬೇಕು. ಗಾಯದ ಬದಲು ದೂರವಾಣಿಯ ಸಂದೇಶಗಳು, ಬ್ಯಾಂಕಿನ ಲೆಕ್ಕಗಳು, ನೆರೆಯವರ ಮಾತು ಸಾಕ್ಷಿಯಾಗುತ್ತವೆ. ಆಕೆಯ ಒಳಿತಿಗಾಗಿಯೇ ಮಾಡಿದೆನೆಂದು ಆರೋಪಿ ವಾದಿಸಲೂ ಅವಕಾಶವುಂಟು. ಹಾಗೆನ್ನದ ಗಂಡ ಯಾವ ದೇಶದಲ್ಲಿದ್ದಾನೆ? ಆದರೆ ಆ ನಡತೆ ಯುಕ್ತವೆಂದು ನ್ಯಾಯಾಲಯಕ್ಕೂ ತೋರಬೇಕು. ಏಟಿನ ಭಯ ಹುಟ್ಟಿಸಿದವನಿಗೆ ಈ ವಾದವೇ ಇಲ್ಲ. ಬೇರೆ ಮನೆ ಮಾಡಿದ ಮಾಜಿ ಸಂಗಾತಿಗೆ ಮೊದಲು ಈ ಕಾನೂನು ಅನ್ವಯಿಸುತ್ತಿರಲಿಲ್ಲ. ಬಿಟ್ಟುಬಂದವಳನ್ನೇ ಹೆಚ್ಚು ಕಾಡುವವರಿರುವಾಗ ಇದು ದೊಡ್ಡ ಲೋಪವೇ ಸರಿ. ಅದನ್ನು ತುಂಬಿದ 2021ರ ತಿದ್ದುಪಡಿ 2023ರಲ್ಲಿ ಜಾರಿಗೆ ಬಂದಿತು.

ಈ ಕಾನೂನು ಬಂದ ಬಳಿಕ ಚಾಲೆನ್ ಪ್ರಕರಣ ಮರಳಿ ಮೇಲ್ಮನವಿ ನ್ಯಾಯಾಲಯಕ್ಕೆ ಹೋಯಿತು. ದಬ್ಬಾಳಿಕೆ ತಾನಾಗಿಯೇ ಕೊಲೆಗೆ ಸಮರ್ಥನೆಯಲ್ಲವೆಂದು ನ್ಯಾಯಾಧೀಶರು ಸ್ಪಷ್ಟಪಡಿಸಿದರು. ಆದರೂ ಆಕೆಯ ಮಾನಸಿಕ ಸ್ಥಿತಿಯ ಬಗ್ಗೆ ದೊರೆತ ಹೊಸ ವೈದ್ಯಕೀಯ ಸಾಕ್ಷ್ಯವನ್ನು ಮನ್ನಿಸಿ, 2019ರ ಫೆಬ್ರವರಿಯಲ್ಲಿ ಹಿಂದಿನ ತೀರ್ಪನ್ನು ರದ್ದುಪಡಿಸಿದರು. ಜೂನ್ ತಿಂಗಳಲ್ಲಿ, ಕೊಲೆಯಲ್ಲದ ನರಹತ್ಯೆಯೆಂಬ ಆಕೆಯ ಒಪ್ಪಿಗೆಯನ್ನು ಸರ್ಕಾರಿ ಪಕ್ಷ ಅಂಗೀಕರಿಸಿತು. 9 ವರ್ಷ 4 ತಿಂಗಳ ಶಿಕ್ಷೆ ವಿಧಿಸಿ, ಸೆರೆಯಲ್ಲಿ ಕಳೆದ ಕಾಲವನ್ನು ಗಣಿಸಿ, ಅಂದೇ ಬಿಡುಗಡೆ ಮಾಡಿದರು. ತಂದೆಯನ್ನು ಕಳೆದುಕೊಂಡ ಗಂಡುಮಕ್ಕಳಿಬ್ಬರೂ ತಾಯಿಯ ಪಕ್ಷದಲ್ಲಿಯೇ ನಿಂತಿದ್ದರು.