ಕಲಘಟಗಿ ದಾಟಿದರೆ ಗಾಂದೆನ್, ಡ್ರೆಪುಂಗ್

ಭೂತಾನ್, ಸಿಕ್ಕಿಂ, ಲಡಾಖ್ ಎಂದು ಬೌದ್ಧ ನಾಡುಗಳನ್ನು ನೋಡಲು ಹೊರಡುವವರು ಈಗ ಚಿಕ್ಕೋಡಿ, ಅಥಣಿ ಕಡೆಯಲ್ಲೂ ಸಿಗುತ್ತಾರೆ. ವಿಮಾನದ ಟಿಕೆಟ್, ವಾರದ ರಜೆ, ತಲೆಗಿಷ್ಟು ಖರ್ಚು ಎಲ್ಲ ಹೊಂದಿಸಿಕೊಂಡು ಹೋಗುವ ಅವರಿಗೂ, ಹೊಂದಿಸಲಾಗದೆ ಆಸೆ ಕಟ್ಟಿಟ್ಟವರಿಗೂ ನಾನು ಹೇಳುವುದು ಒಂದೇ ಮಾತು: ಮೊದಲು ಮುಂಡಗೋಡ ನೋಡಿ ಬನ್ನಿ. ಅಲ್ಲಿ ಹಿಮದ ಬೆಟ್ಟಗಳಿಲ್ಲ. ಆ ಬೆಟ್ಟಗಳ ನಾಡಾದ ಟಿಬೇಟ್ ಶತಮಾನಗಳ ಕಾಲ ಕಾಪಾಡಿಕೊಂಡು ಬಂದ ವಿದ್ಯೆ ಇದೆ, ಅದನ್ನು ಕಲಿಯುವವರೂ ಇದ್ದಾರೆ.

ದಾರಿ ಸುಲಭ. ನಿಪ್ಪಾಣಿಯಿಂದ ಪುಣೆ–ಬೆಂಗಳೂರು ಹೆದ್ದಾರಿ ಹಿಡಿದು ತವಂದಿ ಘಾಟ್ ಏರಿ, ಸಂಕೇಶ್ವರ, ಬೆಳಗಾವಿ, ಕಿತ್ತೂರು ದಾಟಿ ಧಾರವಾಡ. ರಾಯಬಾಗ, ಅಥಣಿ, ಕಾಗವಾಡದವರು ಚಿಕ್ಕೋಡಿ ಇಲ್ಲವೇ ಹುಕ್ಕೇರಿ ಮೇಲೆ ಬಂದು ಇದೇ ಹೆದ್ದಾರಿ ಸೇರಬಹುದು. ಧಾರವಾಡದಿಂದ ಕಲಘಟಗಿ ರಸ್ತೆಗೆ ಹೊರಳಿದ ಮೇಲೆ ನೆಲದ ಬಣ್ಣ ಬದಲಾಗುತ್ತದೆ. ಎರೆಭೂಮಿ ಹಿಂದೆ ಸರಿದು ಕೆಮ್ಮಣ್ಣು, ಕೆರೆ, ಭತ್ತದ ಗದ್ದೆ, ಸಾಗವಾನಿ ಮರಗಳು ಎದುರಾಗುತ್ತವೆ. ಮಲೆನಾಡಿನ ಸೆರಗಿನಲ್ಲಿ ಮುಂಡಗೋಡ. ನಿಪ್ಪಾಣಿಯಿಂದ ಒಟ್ಟು 200 ಕಿ.ಮೀ.ಗಿಂತ ತುಸು ಹೆಚ್ಚು.

ಪೇಟೆ ದಾಟಿ ಟಿಬೇಟಿಯನ್ ಕ್ಯಾಂಪಿನ ರಸ್ತೆಗೆ ಇಳಿದರೆ ಗೋವಿನಜೋಳದ ಹೊಲಗಳ ನಡುವೆ ಐದು ಬಣ್ಣದ ಪ್ರಾರ್ಥನಾ ಪತಾಕೆಗಳು, ಬಂಗಾರದ ಬಣ್ಣದ ಶಿಖರಗಳು ಕಾಣತೊಡಗುತ್ತವೆ. ಕಂದುಗೆಂಪು ಚೀವರ ಹೊದ್ದ ಹುಡುಗರು ಸಾಲಾಗಿ ನಡೆದು ಹೋಗುತ್ತಿರುತ್ತಾರೆ. ಇಲ್ಲಿನ ವಸತಿಗಳನ್ನು ಇಂದಿಗೂ ಕ್ಯಾಂಪ್ ನಂಬರಿನಿಂದಲೇ ಗುರುತಿಸುತ್ತಾರೆ.

1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದಾಗ ಅವರ ಹಿಂದೆಯೇ ಸಾವಿರಾರು ಜನ ಹಿಮಾಲಯ ದಾಟಿದರು. ಅವರಿಗೆ ನೆಲ ಕೊಟ್ಟ ರಾಜ್ಯಗಳಲ್ಲಿ ಆಗಿನ ಮೈಸೂರು ರಾಜ್ಯದ ಹೆಸರು ದೊಡ್ಡದು. 1960ರಲ್ಲಿ ಬೈಲಕುಪ್ಪೆ, ಎಸ್. ನಿಜಲಿಂಗಪ್ಪ ಮುಖ್ಯಮಂತ್ರಿಯಾಗಿದ್ದಾಗ 1966ರಲ್ಲಿ ಮುಂಡಗೋಡ. ಇಲ್ಲಿ ಸಿಕ್ಕದ್ದು ಸುಮಾರು 4,000 ಎಕರೆ, ಅದೂ ಹೆಚ್ಚಿನಂಶ ಕಾಡು. ಚಳಿಯ ನಾಡಿನ ಜನ ಸೆಕೆ ತಾಳಿಕೊಂಡು ಕಾಡು ಕಡಿದು ಉತ್ತರು. ಬೇಸಾಯ ಸಾಲದ್ದಕ್ಕೆ ಚಳಿಗಾಲದ ಸ್ವೆಟರ್ ವ್ಯಾಪಾರ ಸೇರಿತು. ಬೆಳಗಾವಿ, ಹುಬ್ಬಳ್ಳಿಯಲ್ಲಿ ಅವರ ಬಳಿ ಸ್ವೆಟರ್ ಕೊಂಡ ನೆನಪು ನಮ್ಮಲ್ಲಿ ಅನೇಕರಿಗೆ ಇದೆ.

ಭಿಕ್ಷುಗಳ ಕಥೆ ಇನ್ನೂ ಕಠಿಣ. ಭೂತಾನ್ ಗಡಿಗೆ ಹತ್ತಿರ, ಪಶ್ಚಿಮ ಬಂಗಾಳದ ಬಕ್ಸಾ ಕೋಟೆಯಲ್ಲಿ ಅವರನ್ನು ಇರಿಸಲಾಗಿತ್ತು. ಬ್ರಿಟಿಷರು ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಹಾಕಿದ್ದ ಜಾಗ ಅದು. ಅಲ್ಲಿನ ತೇವದ ಹವೆಯಲ್ಲಿ ಕ್ಷಯರೋಗ ಹಬ್ಬಿ ಎಷ್ಟೋ ಜನ ಸತ್ತರು. ಉಳಿದವರು ಓದು ಬಿಡಲಿಲ್ಲ. 1970ರ ಆಸುಪಾಸಿನಲ್ಲಿ ಗಾಂದೆನ್ ಮತ್ತು ಡ್ರೆಪುಂಗ್ ಮಠಗಳವರು ಮುಂಡಗೋಡಕ್ಕೂ, ಸೆರಾ ಮಠದವರು ಬೈಲಕುಪ್ಪೆಗೂ ಬಂದರು. ಲ್ಹಾಸಾ ಸೀಮೆಯಲ್ಲಿ ಗಾಂದೆನ್ ಸ್ಥಾಪನೆಯಾದದ್ದು 1409ರಲ್ಲಿ, ಡ್ರೆಪುಂಗ್ 1416ರಲ್ಲಿ. ಆ ವಿದ್ಯಾಪೀಠಗಳು ನಮ್ಮ ಉತ್ತರ ಕನ್ನಡದಲ್ಲಿ ಮತ್ತೆ ಎದ್ದು ನಿಂತಿವೆ.

ದೊಡ್ಡ ಬುದ್ಧಮೂರ್ತಿ ನೋಡಿ, ಫೋಟೊ ತೆಗೆದು, ಮೊಮೊ ತಿಂದು ಹಿಂದಿರುಗುವವರೇ ಹೆಚ್ಚು. ಅವರು ನೋಡದೆ ಬಿಡುವುದು ವಾದದ ಅಂಗಳವನ್ನು. ಅಲ್ಲಿ ಒಬ್ಬ ಕುಳಿತಿರುತ್ತಾನೆ, ಒಬ್ಬ ನಿಂತಿರುತ್ತಾನೆ. ನಿಂತವನು ಪ್ರಶ್ನೆ ಎಸೆದು ಬಲಗೈಯನ್ನು ಮೇಲಿಂದ ಬೀಸಿ ಎಡ ಅಂಗೈಗೆ ಹೊಡೆಯುತ್ತಾನೆ. ಅದೇ ಕ್ಷಣಕ್ಕೆ ಎಡಗಾಲು ನೆಲಕ್ಕೆ ಅಪ್ಪಳಿಸುತ್ತದೆ. ಕುಳಿತವನು ಭಾಷಣ ಮಾಡುವಂತಿಲ್ಲ. ಒಪ್ಪಿದೆ ಅನ್ನಬೇಕು, ಏಕೆ ಎಂದು ಕೇಳಬೇಕು, ಇಲ್ಲವೇ ಹೇತು ಸಿದ್ಧವಾಗಿಲ್ಲ, ವ್ಯಾಪ್ತಿ ಇಲ್ಲ ಎಂದು ತಡೆಯಬೇಕು. ದಿಙ್ನಾಗ, ಧರ್ಮಕೀರ್ತಿಯರ ಕಾಲದ ಭಾರತೀಯ ತರ್ಕಶಾಸ್ತ್ರ ಅಲ್ಲಿ ದಿನವೂ ಬಳಕೆಯಾಗುತ್ತಿದೆ. ತಪ್ಪು ಉತ್ತರಕ್ಕೆ ಸುತ್ತಲಿದ್ದವರು ಕೂಗಿ ನಗುತ್ತಾರೆ, ಉತ್ತರಿಸುವವನೂ ನಗುತ್ತಾನೆ. ಈ ಮಠಗಳ ಉನ್ನತ ಪದವಿಯಾದ ಗೆಶೆ ಮುಟ್ಟಲು ಹೀಗೆ ಇಪ್ಪತ್ತರ ಆಸುಪಾಸು ವರ್ಷ ಬೇಕು. ಇತ್ತೀಚೆಗೆ ಇದಕ್ಕೆ ಆಧುನಿಕ ವಿಜ್ಞಾನದ ಪಾಠವೂ ಸೇರಿದೆ.

ಈ ನೆಲಕ್ಕೆ ಬೌದ್ಧಧರ್ಮ ಹೊಸದಲ್ಲ. ಅಶೋಕನ ಕಾಲದಲ್ಲಿ ರಕ್ಖಿತ ಥೇರನನ್ನು ವನವಾಸಿಗೆ ಕಳಿಸಿದ್ದನ್ನು ಸಿಂಹಳದ 'ಮಹಾವಂಶ' ಹೇಳುತ್ತದೆ. ಆ ಬನವಾಸಿ ಮುಂಡಗೋಡದಿಂದ ದೂರವೇನಿಲ್ಲ. ನಮ್ಮ ಸೀಮೆಗೂ ಒಂದು ಎಳೆ ಇದೆ. 1956ರಲ್ಲಿ ಬೌದ್ಧ ದೀಕ್ಷೆ ಪಡೆದ ಡಾ. ಬಿ.ಆರ್. ಅಂಬೇಡ್ಕರ್, 1925ರಲ್ಲಿ ನಿಪ್ಪಾಣಿಯಲ್ಲಿ ಸೇರಿದ್ದ ಅಸ್ಪೃಶ್ಯರ ಪ್ರಾಂತೀಯ ಪರಿಷತ್ತಿನ ಅಧ್ಯಕ್ಷತೆ ವಹಿಸಿದ್ದರು. ನಮ್ಮ ಶಾಲೆಗಳು ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವಾಗ ಮುಂಡಗೋಡವನ್ನು ಪಟ್ಟಿಗೆ ಸೇರಿಸಬೇಕು. ಪ್ರಶ್ನೆ ಕೇಳುವುದನ್ನೇ ಓದಿನ ಭಾಗ ಮಾಡಿಕೊಂಡ ಪಾಠಶಾಲೆಯನ್ನು ಮಕ್ಕಳು ಕಣ್ಣಾರೆ ಕಾಣಲಿ.

ಸಮಯವಿದ್ದರೆ ಹತ್ತಿರದ ಅತ್ತಿವೇರಿ ಪಕ್ಷಿಧಾಮ, ಬಾಚಣಕಿ ಜಲಾಶಯವನ್ನೂ ಸೇರಿಸಿಕೊಳ್ಳಬಹುದು. ಫೆಬ್ರುವರಿ–ಮಾರ್ಚ್ ಸುಮಾರಿಗೆ ಬರುವ ಲೋಸಾರ್, ಅಂದರೆ ಟಿಬೇಟಿಯನ್ ಹೊಸ ವರ್ಷದ ಹೊತ್ತಿಗೆ ಕ್ಯಾಂಪಿನ ಕಳೆಯೇ ಬೇರೆ. ವಿದೇಶಿ ಪೌರತ್ವದ ಬಂಧುಗಳನ್ನು ಕರೆದೊಯ್ಯುವವರು ಕೇಂದ್ರ ಗೃಹ ಸಚಿವಾಲಯದ ಪರವಾನಗಿ ಮುಂಚೆಯೇ ಪಡೆದಿರಬೇಕು. ಭಾರತೀಯರಿಗೆ ಅದು ಬೇಕಿಲ್ಲ. ಸ್ತೂಪ, ಪ್ರಾರ್ಥನಾ ಚಕ್ರಗಳನ್ನು ನಮ್ಮ ಗುಡಿಗಳಲ್ಲಿ ಮಾಡುವಂತೆಯೇ ಬಲಕ್ಕೆ ಸುತ್ತಿ. ವಾದ ನಡೆಯುತ್ತಿದ್ದರೆ ಅಂಗಳದ ಅಂಚಿನಲ್ಲಿ ನಿಂತು ನೋಡಿ. ದಯವಿಟ್ಟು ನಡುವೆ ನುಗ್ಗಿ ಸೆಲ್ಫಿ ತೆಗೆಯಬೇಡಿ, ಅದು ಅವರ ತರಗತಿ.